ಹುಳ ಕಡಿಯದ ದಾಸವಾಳ

ಫೆಬ್ರವರಿ 30, 2263
ಸಂಪಿಗೆ ಓಣಿ, ಧಾರವಾಡ

ಈ ಮನೆಯಲ್ಲಿ ನಮಗಿಂತ ಮೊದಲು ಬಾಳಿದವರಿಗೆ,

ನಿಮ್ಮ ಪಂಚಾಂಗದಲ್ಲಿ ಇಲ್ಲದ ದಿನದಂದು ಬರೆಯುತ್ತಿದ್ದೇನೆ. ನಮ್ಮ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಅರ್ಥ ಹೇಳುತ್ತಲೇ ಹೋಗುತ್ತೇನೆ.

ಈಗ ಪ್ರತಿ ಮನೆಯ ಗೇಟಿನ ಪಕ್ಕ ಒಂದು ಉಣಿಸುಗಿಡ ಇರುತ್ತದೆ. ಹುಳಗಳು ತಿನ್ನಲೆಂದೇ ಬಿಟ್ಟ ಗಿಡ ಅದು, ನಮ್ಮದು ದಾಸವಾಳ. ಅದರ ಎಲೆ ಹರಿದಷ್ಟೂ ಮನೆಯವರಿಗೆ ಮರ್ಯಾದೆ. ಒಳಗಿನ ಹೂಗಿಡಗಳಿಗೆ ಯಾರೂ ವಿಷ ಹೊಡೆದಿಲ್ಲವೆಂದು ಅದನ್ನು ನೋಡಿಯೇ ತಿಳಿಯುತ್ತಾರೆ. ಗುಲಾಬಿ ಮೊಗ್ಗಿಗೆ ಸಸ್ಯಹೇನು ಹತ್ತಿದರೆ ಬೆಳಿಗ್ಗೆ ನೀರನ್ನು ರಭಸವಾಗಿ ಬಿಟ್ಟು ತೊಳೆಯುತ್ತೇವೆ. ಬಗ್ಗದಿದ್ದರೆ ತೆಳುವಾದ ಸೋಪಿನ ನೀರು, ಸಂಜೆ ಬೇವಿನೆಣ್ಣೆ. ಆಮೇಲೆ ಗುಲಗಂಜಿಹುಳದ ದಾರಿ ಕಾಯುತ್ತೇವೆ. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯಿರುವ ಆ ಹುಳಕ್ಕೆ ಹೇನೇ ಊಟ.

ಈ ಸಲ ನನಗೆ ಕಾಯಲಾಗಲಿಲ್ಲ. ಅತ್ತೆ ನೆಟ್ಟ ಗುಲಾಬಿಯ ಮೊಗ್ಗುಗಳು ಬಿರಿಯುವ ಮೊದಲೇ ಮುರುಟುತ್ತಿದ್ದವು. ನಿಮ್ಮ ಕಾಲದ ಕಟು ಔಷಧಿಯನ್ನು ಯಾರಿಗೂ ತಿಳಿಯದಂತೆ ತರಿಸಿ ಹೊಡೆದೆ. ಹೇನು ಸತ್ತವು, ಗುಲಗಂಜಿಹುಳಗಳೂ ಸತ್ತವು. ಕೆಲವೇ ವಾರಗಳಲ್ಲಿ ಮರಳಿ ಬಂದದ್ದು ಹೇನು ಮಾತ್ರ. ದಾಸವಾಳವನ್ನು ಯಾವ ಹುಳವೂ ಮುಟ್ಟದೆ ಅದು ಗೇಟಿನಲ್ಲಿ ಹಸಿರಾಗಿ ಹೊಳೆಯುತ್ತ ನಿಂತಿತು. ಓಣಿಯವರ ಕಣ್ಣಿಗೆ ಬೀಳುವ ಮೊದಲು, ಬೆಲ್ಟಿಗೆ ತೂತು ಹಾಕುವ ಸಲಕರಣೆ ಹಿಡಿದು ನಾನೇ ಎಲೆಗಳಿಗೆ ತೂತು ಹಾಕಿದೆ.

ಎದುರುಮನೆಯ ನಿಂಬೆವ್ವ ಬಂದು ಒಂದೆಲೆಯನ್ನು ಬೆಳಕಿಗೆ ಹಿಡಿದಳು. "ನಿಮ್ಮನಿ ಹುಳ ಭಾಳ ಶಿಸ್ತಿನವು ಬಿಡ್ರಿ ಅಕ್ಕಾರ. ನಮ್ಮನಿ ಹುಳಕ್ಕ ಹಿಂಗ ಗುಂಡಗ ತಿನ್ನಾಕ ಬರಂಗಿಲ್ಲ," ಅಂದಳು. ಅವಳು ಯಾರಿಗೂ ಹೇಳಿದಂತಿಲ್ಲ. ಆದರೂ ಅಂದಿನಿಂದ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದೇನೆ.

ವಿಷ ಹೊಡೆದ ಮನೆಯವರು ಹುಳಭಿಕ್ಷೆ ಬೇಡಬೇಕು. ಬುಟ್ಟಿ ಹಿಡಿದು ಮನೆಮನೆಯ ಮುಂದೆ ನಿಂತು, ಹೊಡೆದದ್ದೇನೆಂದು ಬಾಯಿಬಿಟ್ಟು ಹೇಳಿದರೆ ಅವರು ಗುಲಗಂಜಿಹುಳ ಕೂತ ಟೊಂಗೆಯೊಂದನ್ನು ಮುರಿದು ಕೊಡುತ್ತಾರೆ. ಹೇಳದೆ ಪಡೆಯುವ ದಾರಿಯಿಲ್ಲ. ಅತ್ತೆಯ ಗುಲಾಬಿಯಲ್ಲಿ ಇನ್ನು ಒಂದೇ ರೆಂಬೆ ಹಸಿರಾಗಿದೆ.

ನಿಮ್ಮಲ್ಲಿ ಕೇಳುವುದಿಷ್ಟೇ. ಮೊಗ್ಗಿನ ಮೇಲೆ ಹೇನು ಕಂಡ ದಿನ ವಿಷದ ಬಾಟಲಿಗೆ ಕೈ ಹಾಕಬೇಡಿ. ನೀರು ಬಿಡಿ, ಕಾಯಿರಿ, ಕೆಲವು ಮೊಗ್ಗು ಹೋದರೆ ಹೋಗಲಿ. ಹುಳ ತಿಂದ ಎಲೆಯನ್ನು ನಾಚಿ ಕಿತ್ತುಹಾಕಬೇಡಿ.

ಬುಟ್ಟಿಯನ್ನು ಬಾಗಿಲ ಬಳಿ ಇಟ್ಟಿದ್ದೇನೆ. ಮೊದಲು ನಿಂಬೆವ್ವನ ಮನೆ. ಇವತ್ತು ಮುಂಬಾಗಿಲಿನಿಂದಲೇ ಹೋಗುತ್ತೇನೆ.

ನಿಮ್ಮ ಮನೆಯವಳು,
ಅಂಬುಜಾ