ಸಾಹೇಬರು ಕುಡಿಯದೆ ಬಿಟ್ಟ ಚಹಾ

ಸಕಲ ಹಳ್ಳಕೊಳ್ಳಗಳ ಭಾಗ್ಯವಿಧಾತರೂ, ಹರಿವ ನದಿಯನ್ನು ಅಂಗೈಯಗಲದ ಬಾಟಲಿಯಲ್ಲಿ ಸೆರೆಹಿಡಿದ ಮಹಾಪರಾಕ್ರಮಿಗಳೂ, ಹಳದಿ ದೀಪದ ಜೀಪಿನಲ್ಲಿ ಸದಾ ವಿಜೃಂಭಿಸುವವರೂ ಆದ ನದಿನೀರಿನ ಗುಣಮಟ್ಟ ತಪಾಸಣಾಧಿಕಾರಿಗಳ ಸನ್ನಿಧಾನಕ್ಕೆ, ಪುಣೆಯ ಕೆಳದಂಡೆಯ ಬಡಪ್ರಜೆಯೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ನನ್ನ ಸೋದರತ್ತೆ ಕಾಶವ್ವನ ಬಾವಿಯಲ್ಲಿ ನೊರೆ ಬರುತ್ತಿದೆ. ತಮ್ಮ ವರದಿ ಆ ನೀರನ್ನು ‘ಸಮಾಧಾನಕರ’ ಎನ್ನುತ್ತದೆ. ಯಾರಿಗೆ ಸಮಾಧಾನ ಎಂಬುದಷ್ಟೇ ಈ ಪತ್ರದ ಪ್ರಶ್ನೆ.

ಕಾಶವ್ವ ಯಾದಗಿರಿ ಕಡೆಯಿಂದ ಇಲ್ಲಿಗೆ ಇಟ್ಟಿಗೆ ಹೊರಲು ಬಂದವಳು. ಈಗ ಮಾಂಜರಿಯ ಆಚೆ, ಮುಳಾ-ಮುಠಾ ನದಿಯ ದಂಡೆಯಲ್ಲಿ ತುಂಡು ಹೊಲ ಗುತ್ತಿಗೆ ಹಿಡಿದು ಮೆಂತ್ಯ, ಕೊತ್ತಂಬರಿ ಬೆಳೆಯುತ್ತಾಳೆ. ಹೊಲಕ್ಕೂ ಹೊಟ್ಟೆಗೂ ಅದೊಂದೇ ಬಾವಿ. ಅಂತರ್ಜಲ ಹೆಚ್ಚಲೆಂದು ತಮ್ಮ ಸರ್ಕಾರ ನದಿಗೆ ಒಡ್ಡು ಕಟ್ಟಿಸಿತು. ಯೋಜನೆ ಫಲಿಸಿತು, ಅಲ್ಲಗಳೆಯುವವನು ನಾನಲ್ಲ! ಬೇಸಿಗೆಯಲ್ಲಿ ತಳ ಕಾಣುತ್ತಿದ್ದ ಬಾವಿ ತುಂಬಿತು. ಆದರೆ ಒಡ್ಡಿನಲ್ಲಿ ನಿಂತದ್ದು ಗಟಾರದ ನೀರು. ಇಡೀ ಪುಣೆ ಮಿಂದು, ಬಟ್ಟೆ ಒಗೆದು, ಕೈಬಿಟ್ಟದ್ದು ಮಣ್ಣಿನೊಳಗೆ ಇಂಗಿ ನಮ್ಮತ್ತೆಯ ಕೊಡಕ್ಕೆ ಬಂತು. ದೊಡ್ಡವರ ಮನೆಯ ಸಾಬೂನು ಬಡವರಿಗೂ ತಲುಪಿಸಿದ ಸರ್ಕಾರ ಹಿಂದೆ ಯಾವುದಿತ್ತು, ಹೇಳಿ?

ತಮ್ಮ ಪರೀಕ್ಷಾಕ್ರಮವೂ ಕೊಂಡಾಡತಕ್ಕದ್ದೇ. ಪುಣೆಯ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ಮರುದಿನ, ಗಟಾರ ಸೇರುವ ಜಾಗಕ್ಕಿಂತ ಮೇಲೆ, ಸೇತುವೆಯ ನೆರಳಲ್ಲಿ ಜೀಪು ನಿಲ್ಲಿಸಿ ಬಾಟಲಿ ತುಂಬಿಸುತ್ತೀರಿ. ಬೀಗರು ಉಣ್ಣಲು ಬಂದ ದಿನ ಮನೆಯ ಅಡುಗೆಯ ರುಚಿ ಅಳೆದ ಹಾಗೆ.

ಹೋದ ತಿಂಗಳು ಬಾವಿಗೂ ದಯಮಾಡಿಸಿದಿರಿ. ಇಣುಕಿ, “ನೀರ ಛಲೋ ಅದ. ತುಂಬ್ಯದಲ್ಲ!” ಎಂದಿರಿ. ತಾವು ಸೋಲಾಪುರದವರು, ಕನ್ನಡ ಬಲ್ಲವರು ಎಂದು ಕಾಶವ್ವ ಹಿಗ್ಗಿಹೋದಳು.

“ನಮ್ಮ ಮಂದಿನೇ ಬಂದೀರಿ, ಚಾ ಕುಡೀಲಾರ್ದ ಹ್ಯಾಂಗ ಹೋಗ್ತೀರ್ರೀ?”

ಚಹಾದ ಕಪ್ಪು ತಮ್ಮ ತುಟಿಯ ಹತ್ತಿರ ಹೋಯಿತು. ಆಗ ತಾವು ನನ್ನ ಕಡೆ ತಿರುಗಿದಿರಿ. “ತಮ್ಮಾ, ಚಾಕ್ಕ ನೀರ ಎಲ್ಲೀದು?”

“ಇದೇ ಬಾವೀದ್ರೀ, ಸಾಹೇಬ್ರ. ಛಲೋ ಅದ ಅಂದ್ರಲ್ಲ.”

ಕಪ್ಪು ಕಟ್ಟೆಯ ಮೇಲೆ ಇಳಿಯಿತು. “ಇವತ್ತ ನಂದು ಉಪವಾಸ ಅದ,” ಎಂದಿರಿ. ಅದೇ ಗಳಿಗೆಯಲ್ಲಿ ತಮ್ಮ ಚಾಲಕನಿಗೂ ಉಪವಾಸ ತಗುಲಿತು. ಉಪವಾಸಕ್ಕೆ ಚಹಾ ನಡೆಯುತ್ತದೆಂಬುದು ಪುಣೆಯಲ್ಲಿ ಹಸುಗೂಸಿಗೂ ಗೊತ್ತು. “ಯಾವ ದೇವರದ್ರೀ?” ಎಂದು ಕಾಶವ್ವ ಭಕ್ತಿಯಿಂದ ಕೇಳುವಷ್ಟರಲ್ಲಿ ಜೀಪು ಧೂಳಾಗಿತ್ತು.

ಆದಕಾರಣ ಬೇಡಿಕೆ ಇಷ್ಟೇ. ಅಣೆಕಟ್ಟಿನ ಬಾಗಿಲು ಮುಚ್ಚಿರುವ ಬೇಸಿಗೆಯಲ್ಲಿ ಬನ್ನಿ. ಒಡ್ಡಿನ ನೀರನ್ನೂ ಬಾವಿಯ ನೀರನ್ನೂ ಪರೀಕ್ಷಿಸಿ. ಫಲಿತಾಂಶವನ್ನು ಒಡ್ಡಿನ ಗೋಡೆಯ ಮೇಲೆಯೇ ಬರೆಸಿ. ಅಲ್ಲಿಯವರೆಗೆ ಕುಡಿಯಲು ಟ್ಯಾಂಕರ್ ಕಳಿಸಿ. ಆಗದಿದ್ದರೆ ಬಂದು ಆ ಚಹಾ ಮುಗಿಸಿ.

ಇಂತಿ,
ತಮ್ಮ ಸಮಾಧಾನವನ್ನು ಕುಡಿದು ಹೊಟ್ಟೆ ಕೆಡಿಸಿಕೊಂಡ
ಭೀಮು

ತಾ.ಕ.: ಆ ಚಹಾ ಬಾವಿಯ ನೀರಿನದಲ್ಲ. ಪುಣೆಯ ಮಗರಪಟ್ಟಾದ ಕಚೇರಿಯೊಂದರಲ್ಲಿ ಲಿಫ್ಟ್ ನೋಡಿಕೊಳ್ಳುವ ನಾನು ಅಲ್ಲಿಂದ ಒಂದು ಬಾಟಲಿ ಶುದ್ಧ ನೀರು ತಂದಿದ್ದೆ. “ನಾವು ಕುಡಿಯೋದ ಬ್ಯಾರೆ, ಬಂದವ್ರಿಗೆ ಕುಡಿಸೋದ ಬ್ಯಾರೆ,” ಎಂದು ಕಾಶವ್ವ ಅದನ್ನು ತಮಗಾಗಿ ತೆಗೆದಿಟ್ಟಿದ್ದಳು. ಸುಳ್ಳು ಹೇಳಿದವನು ನಾನು. ತಾವು ಬಿಟ್ಟುಹೋದ ಎರಡೂ ಕಪ್ಪು ಅವಳೇ ಕುಡಿದಳು. ಭಾಳ ದಿನದ ಮೇಲೆ ಚಹಾ ಚಹಾದ ಹಾಗಿತ್ತಂತೆ.