ಉಸಿರಿನ ಮಿಷನ್ನಿಗೆ ಹಾರ

ಚಳ್ಳಕೆರೆ
೧೪-೧೦-೨೦೦೮

ಮುದ್ದು ತಮ್ಮ ಮಾರುತಿಗೆ ನಿನ್ನ ಗೀತಕ್ಕನ ಆಶೀರ್ವಾದಗಳು.

ಹೇಗಿದ್ದೀಯೋ? ಆ ಅರುಣಾಚಲದ ಚಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಟಿಪ್ಪರ್ ಓಡಿಸುವಾಗ ಕಿವಿಗೆ ಮಫ್ಲರ್ ಸುತ್ತಿಕೋ, ಕ್ರಾಪು ಕೆಡುತ್ತದೆ ಅಂತ ಬಿಚ್ಚಿಡಬೇಡ. ಫೋನಿನಲ್ಲಿ ಹೇಳೋಣವೆಂದರೆ ಅವ್ವ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ಅದಕ್ಕೇ ಈ ಕಾಗದ.

ಶೇಂಗಾ ಲೋಡಿನ ಮೇಲಿಂದ ಬಿದ್ದು ಕತ್ತು ಮುರಿದುಕೊಂಡ ಅಪ್ಪ ಹಾಗೆಯೇ ಮಲಗಿದ್ದಾನೆ, ವೆಂಟಿಲೇಟರೇ ಅವನ ಉಸಿರು. ಅದನ್ನು ಮನೆಗೆ ಕೊಡುವಾಗ ಆಸ್ಪತ್ರೆಯವರು ಹೇಳಿದ್ದು ನಿನಗೂ ಗೊತ್ತು: ಕೆಲಸ ಕಲಿತ ನರ್ಸ್ ಮನೆಯಲ್ಲೇ ಇರಬೇಕು, ಇಲ್ಲವೆಂದರೆ ರೋಗಿ ವಾಪಸ್ ಬರಬೇಕು. ಅಪ್ಪನಿಗೋ ಆಸ್ಪತ್ರೆ ಅಂದರೆ ಸಾಕು, ಕಣ್ಣಲ್ಲಿ ನೀರು. ದಾವಣಗೆರೆಯ ನರ್ಸ್ ಏಜೆನ್ಸಿಯವರು ಚಳ್ಳಕೆರೆ ಅಂದಕೂಡಲೇ ಫೋನಿಟ್ಟರು. ಮೊಳಕಾಲ್ಮೂರಿನ ದೊಡ್ಡೀರಪ್ಪ ಮಾವ ಒಬ್ಬ ಕಾಂಪೌಂಡರನ್ನು ಹಿಡಿದು ತಂದ. ಆ ಪುಣ್ಯಾತ್ಮ ಇಂಜೆಕ್ಷನ್ ಬಿಟ್ಟರೆ ಬೇರೇನೂ ಕಂಡವನಲ್ಲ. ಚಿತ್ರದುರ್ಗದಿಂದ ಬಂದ ಒಬ್ಬಾಕೆ ಕರೆಂಟ್ ಹೋದದ್ದೇ ಬೆದರಿ ಬಸ್ ಹತ್ತಿದಳು. ಕೊನೆಗೆ ಕೈಹಿಡಿದವನು ಬಡೇಸಾಬ, ಅಪ್ಪನ ಲಾರಿ ರಿಪೇರಿ ಮಾಡುತ್ತಿದ್ದನಲ್ಲ, ಅವನೇ. ಲಾರಿ ಬ್ಯಾಟರಿ ತಂದು ಇನ್ವರ್ಟರಿಗೆ ಜೋಡಿಸಿದ. ದಾವಣಗೆರೆಯ ಐಸಿಯುನಲ್ಲಿ ಕೆಲಸ ಮಾಡಿದ್ದ ಮಗಳು ಕೌಸರ್‌ಳನ್ನೂ ಕರೆತಂದು, "ನಿಮ್ಮನೆ ಮಗಳು ಅಂದ್ಕಳಮ್ಮ, ಕೆಲಸ ಗೊತ್ತೈತೆ" ಅಂತ ಬಿಟ್ಟುಹೋದ. ಎಂಥ ಹುಡುಗಿ ಕಣೋ! ಗಂಟಲ ಕೊಳವೆಯಲ್ಲಿ ಕಫ ಗೊರ್ ಅಂದರೆ ತಟ್ಟೆ ಬಿಟ್ಟು ಏಳುತ್ತಿದ್ದಳು. ಒಮ್ಮೆ ಕಣ್ಣು ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಬೇಡ ಅಂತ ಅಪ್ಪನಿಗೆ ಮಾತು ಕಲಿಸಿದಳು. ಅವಳಿದ್ದಷ್ಟು ದಿನ ನಾನು ನೆಮ್ಮದಿಯಾಗಿ ತಲೆ ಬಾಚಿಕೊಂಡೆ.

ಆಯುಧಪೂಜೆಯ ದಿನ ಎಲ್ಲ ಹಾಳಾಯಿತು. ಲಾರಿಯವರ ಮನೆ ನಮ್ಮದು, ಸ್ಪ್ಯಾನರಿಗೂ ಕುಂಕುಮ ಇಡದೆ ಬಿಟ್ಟವರಲ್ಲ. "ಲಾರಿಗೆ ಮಾಡ್ತೀವಿ, ನಿಮ್ಮಪ್ಪನ ಉಸಿರು ಹಿಡಿದಿರೋ ಮಿಷನ್ನಿಗೆ ಬ್ಯಾಡ್ವಾ?" ಅಂದಳು ಅವ್ವ. ನನಗೂ ಸರಿ ಅನ್ನಿಸಿತು. ಕೌಸರ್ ಸ್ನಾನಕ್ಕೆ ಹೋಗಿದ್ದಳು. ವಿಭೂತಿ ಬಳಿದು, ಚೆಂಡುಹೂವಿನ ದಪ್ಪ ಹಾರವನ್ನು ಸುತ್ತಲೂ ಬಿಗಿದೆವು. ಹಿಂದುಗಡೆ ಗಾಳಿ ಎಳೆಯುವ ಜಾಲರಿ ಇದೆಯೆಂದು ನಮಗೇನು ಗೊತ್ತು? ಮಿಷನ್ ಕಿರುಚತೊಡಗಿತು, ಅಪ್ಪನ ತುಟಿ ನೀಲಿಯಾಯಿತು. ಕೌಸರ್ ಒದ್ದೆ ಕೂದಲಲ್ಲೇ ಓಡಿಬಂದು ಹಾರ ಕಿತ್ತೆಸೆದು, "ಕಾಕಾನ್ನ ಸಾಯಿಸ್ತೀರೇನು?" ಅಂತ ಕೂಗಿದಳು. ಅಪ್ಪ ಉಳಿದ. ಆದರೆ ಹಾರ ನೆಲದ ಮೇಲೆ ಬಿದ್ದದ್ದು ಕಂಡು ಅವ್ವ ಕೆರಳಿ, "ದೇವ್ರ ಹೂವ ತುಳಿತೀಯೇನೇ, ಸಾಬರೋಳೇ?" ಅಂದುಬಿಟ್ಟಳು. ನೆರೆಯವರೆಲ್ಲ ನಿಂತಿದ್ದರು. ಊರಿಗೆಲ್ಲ ಬಾಯಿ ಮಾಡುವ ನಾನು ಆವತ್ತು ತುಟಿ ಬಿಚ್ಚಲಿಲ್ಲ. ಕೌಸರ್ ಸಂಜೆಯವರೆಗೂ ಅಪ್ಪನ ಪಕ್ಕದಲ್ಲೇ ಕೂತಿದ್ದು, ಕಫ ತೆಗೆಯುವುದನ್ನು ನನಗೆ ಮತ್ತೆ ತೋರಿಸಿಕೊಟ್ಟು, ಬ್ಯಾಗು ಹಿಡಿದು ಹೋದಳು. ಒಂದು ಮಾತು ಆಡಬಾರದಿತ್ತೇ ಕಣೋ ನಾನು!

ಈಗ ನಾನೂ ಅವ್ವನೂ ಸರದಿಯಲ್ಲಿ ಕೂರುತ್ತೇವೆ. ಅವ್ವನಿಗೂ ತಪ್ಪು ಅರಿವಾಗಿದೆ. ಬಾಯಿಬಿಟ್ಟು ಹೇಳುವವಳಲ್ಲ, ಆದರೆ ಕೌಸರ್‌ಗೆ ಇಷ್ಟವೆಂದು ದಿನಾ ಶೇಂಗಾ ಚಟ್ನಿ ಅರೆದಿಡುತ್ತಾಳೆ. ನರ್ಸ್ ಇಲ್ಲವೆಂದು ಆಸ್ಪತ್ರೆಯವರಿಗೆ ತಿಳಿದರೆ ಅಪ್ಪನನ್ನು ಒಯ್ಯುತ್ತಾರೆ. ಇವತ್ತು ಸಂಜೆ ಬಡೇಸಾಬನ ಮನೆಗೆ ಹೋಗಿ ಕಾಲಾದರೂ ಹಿಡಿಯುತ್ತೇನೆ. ನೀನು ರಜೆ ಹಾಕಿ ಬೇಗ ಬಾ. ಮಗ ಬಂದ ಅಂದರೆ ಅಪ್ಪನಿಗೂ ಧೈರ್ಯ.

ಹೊಟ್ಟೆ ತುಂಬ ಉಣ್ಣು. ಜಟಿಂಗ ರಾಮೇಶ್ವರ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಕ್ಕ,
ಗೀತಮ್ಮ

ತಾ.ಕ.: ಈಗಷ್ಟೇ ಹೋಗಿಬಂದೆ. ಕೌಸರ್ ನಾಳೆಯಿಂದ ಬರುತ್ತಾಳೆ. "ಅವ್ವ ಬೈದಿದ್ದಕ್ಕೆ ನಾನು ಹೋಗ್ಲಿಲ್ಲಕ್ಕ" ಅಂದಳು. ಹಾರ ಕಿತ್ತು ಉಸಿರು ತಿರುಗಿದ ಮೇಲೆ ಅಪ್ಪ ಅವಳನ್ನೇ ನೋಡಿ ಎರಡು ಸಲ ಕಣ್ಣು ಮುಚ್ಚಿದನಂತೆ. ಮಿಷನ್ ಬೇಡವಾ ಅಂತ ಕೇಳಿದರೆ, ಹೌದು ಅಂತ ಒಮ್ಮೆ ಮುಚ್ಚಿದನಂತೆ. "ಮಾರುತಿ ಬರೋ ತನಕನಾದ್ರೂ ಇರ್ತೀರಾ ಕಾಕಾ?" ಅಂದದ್ದಕ್ಕೂ ಒಮ್ಮೆ. ಇದನ್ನು ನಮಗೆ ಹೇಳಲಾರದೆ ಹೊರಟುಹೋದಳಂತೆ. ನಿನ್ನ ಮುಖ ನೋಡುವುದಕ್ಕೆ ಮಾತ್ರ ಅಪ್ಪ ತಡೆದುಕೊಂಡಿದ್ದಾನೆ. ಬೇಗ ಬಾ ಅಂತ ಮೇಲೆ ಬರೆದೆನಲ್ಲ, ಈಗಲೇ ಬರಬೇಡ ಕಣೋ. ಇದು ತಪ್ಪೋ ಸರಿಯೋ ತಿಳಿಯದು. ನನಗೆ ಅಪ್ಪ ಬೇಕು.