ಏಡಿ ಬಿಲ, ಎಣ್ಣೆ ಬಾವಿ

ಮುಂಬೈ ಸಮುದ್ರದಿಂದ,
12-8-2003

ಅವ್ವಾ,

ಗೆದ್ಬುಟ್ವಿ ಕಣವ್ವ! ನಮ್ಮ ಎಣ್ಣೆ ಬಾವೀಲಿ ಹತ್ತು ಕೊಡ ಎತ್ತಿದ್ರೆ ಒಂಬತ್ತು ಬರೀ ನೀರು ಬರ್ತಿತ್ತು. ಬಾವೀನೇ ಮುಚ್ಚೋದು ಅಂತಿದ್ರು. ಗದ್ದೆ ಬದೂನ ಏಡಿ ಕೊರೆದಾಗ ನೀರು ಸೋರೋ ಕಡೆ ಅಲ್ಲ, ಹೊಕ್ಕೋ ಕಡೆ ಮಣ್ಣು ಮೆತ್ತಬೇಕು ಅಂತ ನನ್ನ ತಲೆಗೆ ಮೊಟಕಿ ಕಲಿಸಿದ್ಯಲ್ಲ, ಅದನ್ನೇ ಈ ಬಾವಿ ನೋಡ್ಕೊಳ್ಳೋ ನಮ್ಮ ದೊಡ್ಡ ಸಾಹೇಬ್ರಿಗೆ ಹೇಳ್ದೆ. ಮೊದಲು ನಕ್ಕರು. ಆಮೇಲೆ ತಳದಲ್ಲಿ ನೀರು ನುಗ್ಗೋ ಬಿರುಕು ಹುಡುಕಿ, ಗಂಜಿಯಂಥ ಅಂಟು ಇಳಿಸಿದ್ವಿ. ಅದು ಅಲ್ಲೇ ಗಟ್ಟಿಯಾಯ್ತು. ಇವತ್ತು ಹತ್ತರಲ್ಲಿ ಆರು ಕೊಡ ಎಣ್ಣೇನೇ ಬರ್ತೈತೆ!

ಬರೋ ವಾರ ಸಾಹೇಬ್ರು ನನ್ನ ಜೊತೆ ನಮ್ಮೂರು ಹೊಂಗಡಹಳ್ಳಕ್ಕೆ ಬರ್ತಾರಂತೆ. ಅಲ್ಲೀಗಂಟ ಒಂದು ಏಡಿ ಬಿಲ ಹಂಗೇ ಬಿಟ್ಟಿರು, ಅವರೇ ಮುಚ್ಚಬೇಕಂತೆ. ಸೋರೋ ಕಡೆ ಮೆತ್ತಿದ್ರೆ, ದೊಡ್ಡೋರು ಅಂತ ನೋಡ್ಬೇಡ, ಮೊಟಕು.

ನಿನ್ನ ಮೊಟಕು ತಿಂದು ಬೆಳೆದ,
ತನುಜಾ